ನಡುಗುವ ಗಾಲಿಯ ಚರಿತ್ರೆ

ನಾಲ್ಕು ಗಾಲಿಯ ಬಂಡಿಯನ್ನು ಎಳೆಯುವುದು ಬಲದ ಕೆಲಸ. ಅದನ್ನು ತಿರುಗಿಸುವುದು ಬುದ್ಧಿಯ ಕೆಲಸ. ನಮ್ಮ ಊರುಗಳ ರಥೋತ್ಸವವನ್ನು ಗಮನವಿಟ್ಟು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರಾರು ಜನ ಮಿಣಿ ಹಿಡಿದು ಎಳೆಯುತ್ತಾರೆ, ಜಯಘೋಷವೆಲ್ಲ ಅವರದೇ. ಆದರೆ ತೇರು ಬೀದಿಯ ನಡುವೆ ನೆಟ್ಟಗೆ ಸಾಗುವುದು, ಗಾಲಿಯ ಮಗ್ಗುಲಲ್ಲಿ ಮರದ ಸನ್ನೆ ಹಿಡಿದು ನಡೆಯುವ ನಾಲ್ಕಾರು ಮಂದಿಯ ಕೈಚಳಕದಿಂದ. ತೇರಿನ ಅಚ್ಚು ಅತ್ತಿತ್ತ ಹೊರಳುವಂಥದಲ್ಲ. ಒಂದು ಗಾಲಿಯ ಅಡಿಗೆ ಮರವನ್ನು ಕೊಟ್ಟು ಅದನ್ನು ತಡೆದು, ಇನ್ನೊಂದನ್ನು ಉರುಳಗೊಟ್ಟು, ಅಂಗುಲ ಅಂಗುಲವಾಗಿ ಆ ಭಾರವನ್ನು ತಿರುಗಿಸಬೇಕು. ಎರಡು ಗಾಲಿಯ ಎತ್ತಿನ ಗಾಡಿಗೆ ಈ ತಾಪತ್ರಯವಿಲ್ಲ. ಅಲ್ಲಿ ತಿರುವಿನ ವಿದ್ಯೆಯೆಲ್ಲ ಎತ್ತುಗಳಿಗೇ ಸೇರಿದ್ದು.

ಮೋಟಾರು ವಾಹನ ಬಂದಾಗ ಎತ್ತೂ ಇಲ್ಲವಾಯಿತು, ಸನ್ನೆಯವರೂ ಇಲ್ಲವಾದರು. ಅವರ ಕೆಲಸವೆಲ್ಲ ಒಂದಿಷ್ಟು ಸಲಾಕೆಗಳಿಗೂ ಕೀಲುಗಳಿಗೂ ಬಂದು ಸೇರಿತು. ಆ ಸಲಾಕೆಗಳ ನಡುವಣ ಹೊಂದಿಕೆ ತಪ್ಪಿದಾಗ ಗಾಲಿ ನಡುಗುತ್ತದೆ. ಆ ನಡುಕ ಚಾಲಕನ ಕೈಗೆ ಏರುತ್ತದೆ. ಈ ನಡುಕಕ್ಕೊಂದು ಚರಿತ್ರೆಯಿದೆ. ಕಾಡುದಾರಿಗೆಂದು ಜೀಪನ್ನು ಎತ್ತರಿಸಿ, ದೊಡ್ಡ ಟೈರುಗಳನ್ನು ತೊಡಿಸಿ, ಆಮೇಲೆ ಹೆದ್ದಾರಿಯಲ್ಲಿ ಸ್ಟೇರಿಂಗ್ ಹಿಡಿತಕ್ಕೆ ಸಿಕ್ಕದೆ ಕಂಗಾಲಾಗುವ ಇಂದಿನ ಉತ್ಸಾಹಿಗಳು ತಮಗೆ ತಿಳಿಯದೆಯೇ ಆ ಚರಿತ್ರೆಯ ಒಂದು ಹಳೆಯ ಪುಟವನ್ನು ಮತ್ತೆ ಬರೆಯುತ್ತಿದ್ದಾರೆ.

ಯೂರೋಪಿನ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ನಡುವಿನ ಒಂದೇ ಕೀಲಿನ ಮೇಲೆ ಇಡಿಯಾಗಿ ತಿರುಗುತ್ತಿತ್ತು. ತಿರುವು ಕಡಿದಾದಷ್ಟೂ ಬಂಡಿಯ ಆಧಾರ ಕಿರಿದಾಗಿ, ಮಗುಚಿಕೊಳ್ಳುವ ಭಯ ಹೆಚ್ಚುತ್ತಿತ್ತು. ಈ ಅಪಾಯಕ್ಕೆ ಮದ್ದು ಹುಡುಕಿದವರಲ್ಲಿ ಮೊದಲಿಗನೆಂದು ಹೇಳಬಹುದಾದವನು ಒಬ್ಬ ವೈದ್ಯ, ಇಂಗ್ಲೆಂಡಿನ ಲಿಚ್‌ಫೀಲ್ಡ್ ಪಟ್ಟಣದ ಎರಾಸ್ಮಸ್ ಡಾರ್ವಿನ್. ಜೀವವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ಅಜ್ಜ. ರೋಗಿಗಳನ್ನು ನೋಡಲು ಹಗಲಿರುಳು ಕೆಟ್ಟ ರಸ್ತೆಗಳಲ್ಲಿ ಅಲೆಯುತ್ತಿದ್ದ ಆತ 1750ರ ದಶಕದ ಕೊನೆಯಲ್ಲಿ ಬೇರೊಂದು ಬಗೆಯನ್ನು ಯೋಚಿಸಿದ. ಅಚ್ಚು ನಿಂತಲ್ಲೇ ನಿಲ್ಲಲಿ; ಅದರ ಎರಡು ತುದಿಗಳಲ್ಲಿ ಗಾಲಿಗಳು ಮಾತ್ರ ತಮ್ಮ ತಮ್ಮ ಕೀಲುಗಳ ಮೇಲೆ ತಿರುಗಲಿ. ತಿರುವಿನಲ್ಲಿ ಒಳಗಾಲಿ ಬಿಡಿಸುವ ವೃತ್ತ ಚಿಕ್ಕದು, ಹೊರಗಾಲಿಯದು ದೊಡ್ಡದು. ಆದ್ದರಿಂದ ಎರಡೂ ಸಮಾನವಾಗಿ ತಿರುಗಿದರೆ ಸಾಲದು, ಒಳಗಾಲಿ ಕೊಂಚ ಹೆಚ್ಚಾಗಿ ತಿರುಗಬೇಕು.

ಡಾರ್ವಿನ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಇದೇ ತತ್ತ್ವವನ್ನು ಮ್ಯೂನಿಕ್ ನಗರದ ಸಾರೋಟುಗಾರ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರ್ 1816ರ ಸುಮಾರಿಗೆ ಮತ್ತೆ ಕಂಡುಕೊಂಡ. ಲಂಡನ್ನಿನಲ್ಲಿ ಅವನ ಪರವಾಗಿ 1818ರಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್ಮನ್ ಎಂಬ ಗ್ರಂಥ ಪ್ರಕಾಶಕ. ಲೋಕ ಇಂದಿಗೂ ಆ ರಚನೆಯನ್ನು ಆಕರ್ಮನ್ನನ ಹೆಸರಿನಿಂದಲೇ ಕರೆಯುತ್ತದೆ. ಕಂಡುಹಿಡಿದವನನ್ನು ಮರೆತು ಪ್ರಕಟಿಸಿದವನನ್ನು ನೆನೆಯುವ ಈ ಪರಿಪಾಠ ಸಾಹಿತ್ಯದ ಓದುಗರಿಗೆ ಅಪರಿಚಿತವೇನಲ್ಲ.

ಮೋಟಾರು ಬಂಡಿಯ ಆದಿಪುರುಷನಾದ ಕಾರ್ಲ್ ಬೆನ್ಜ್ ಕೂಡ ಈ ತಿರುವಿನ ಸಮಸ್ಯೆಗೆ ಅಂಜಿ 1886ರ ತನ್ನ ಮೊದಲ ವಾಹನಕ್ಕೆ ಮೂರೇ ಗಾಲಿ ಇಟ್ಟ. ನಾಲ್ಕು ಗಾಲಿಯ ಸ್ಟೇರಿಂಗ್‌ಗೆ ಅವನು ಪೇಟೆಂಟ್ ಪಡೆದದ್ದು 1893ರಲ್ಲಿ. ಆಮೇಲಿನ ಮೂವತ್ತು ವರ್ಷಗಳಲ್ಲಿ ತಂತ್ರಜ್ಞರು ಅನುಭವದಿಂದ ಕೆಲವು ಸೂಕ್ಷ್ಮಗಳನ್ನು ಕಲಿತರು. ಅವುಗಳಲ್ಲಿ ಎರಡನ್ನು ಇಲ್ಲಿ ಅರಿತಿರುವುದು ಅಗತ್ಯ. ಮುಂದಿನ ಎರಡು ಗಾಲಿಗಳು ಒಂದಕ್ಕೊಂದು ಸಂಪೂರ್ಣ ಸಮಾನಾಂತರವಾಗಿ ಇರುವುದಕ್ಕಿಂತ, ಮುಂಭಾಗದಲ್ಲಿ ಕೂದಲೆಳೆಯಷ್ಟು ಹತ್ತಿರವಾಗಿರುವುದು ಒಳ್ಳೆಯದು. ಇದನ್ನು ‘ಟೋ’ ಎನ್ನುತ್ತಾರೆ. ಕಾಲ್ಬೆರಳುಗಳನ್ನು ತುಸು ಒಳಮುಖವಾಗಿಟ್ಟು ನಡೆಯುವವನ ಹೆಜ್ಜೆಯಂತೆ. ಎರಡನೆಯದು ‘ಕ್ಯಾಸ್ಟರ್’. ಗಾಲಿ ತಿರುಗುವ ಕೀಲು ನೆಟ್ಟಗೆ ನಿಲ್ಲದೆ, ಮೇಲ್ತುದಿಯಲ್ಲಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಸೈಕಲ್ಲಿನ ಮುಂಭಾಗವನ್ನು ಪಕ್ಕದಿಂದ ನೋಡಿದರೆ ಈ ವಾಲಿಕೆ ಕಣ್ಣಿಗೇ ಕಾಣುತ್ತದೆ. ತಿರುವು ಮುಗಿದ ಮೇಲೆ ಗಾಲಿ ತಾನಾಗಿಯೇ ನೇರವಾಗುವುದು ಬಹುಮಟ್ಟಿಗೆ ಈ ವಾಲಿಕೆಯ ಪ್ರಸಾದ.

ಇಷ್ಟೆಲ್ಲ ಆಗಿ ಮೋಟಾರು ಬಂಡಿ ನೆಮ್ಮದಿಯಿಂದ ಓಡುತ್ತಿದ್ದ ಕಾಲದಲ್ಲಿ ಹೊಸದೊಂದು ಸುಖ ಬಂದು ಹಳೆಯ ನೆಮ್ಮದಿಯನ್ನು ಕೆಡಿಸಿತು. 1923ರ ಹೊತ್ತಿಗೆ ಅಮೆರಿಕದಲ್ಲಿ ‘ಬಲೂನ್ ಟೈರು’ ಎಂಬ ಉಬ್ಬಿದ, ಮೆತ್ತನೆಯ ಟೈರುಗಳು ಮಾರುಕಟ್ಟೆಗೆ ಬಂದವು. ಅದುವರೆಗಿನ ಟೈರುಗಳು ಕಿರಿದಾಗಿ, ಗಟ್ಟಿಯಾಗಿ, ಒಳಗಿನ ಗಾಳಿಯ ಒತ್ತಡದಿಂದ ಕಲ್ಲಿನಂತಿದ್ದವು. ಹೊಸವು ಅಗಲವಾಗಿದ್ದವು, ಅವುಗಳಿಗೆ ಬೇಕಾದ ಗಾಳಿಯ ಒತ್ತಡ ಬಹಳ ಕಡಿಮೆ. ಪ್ರಯಾಣ ಮೆತ್ತಗಾಯಿತು. ಅದೇ ಕಾಲದಲ್ಲಿ ಮುಂಗಾಲಿಗಳಿಗೂ ಬ್ರೇಕು ಬಂದು, ಗಾಲಿಯ ತೂಕ ಹೆಚ್ಚಿತು. ಒಡನೆಯೇ ದೂರುಗಳ ಸುರಿಮಳೆ. ಒಂದು ವೇಗ ತಲುಪಿದೊಡನೆ ಮುಂಗಾಲಿಗಳು ಎಡಬಲಕ್ಕೆ ಹುಚ್ಚು ಹಿಡಿದಂತೆ ಅಲುಗಾಡುತ್ತಿದ್ದವು. ಸ್ಟೇರಿಂಗ್ ಚಕ್ರ ಚಾಲಕನ ಕೈಯನ್ನು ಕಿತ್ತುಕೊಳ್ಳುವಂತೆ ಹೊಡೆದಾಡುತ್ತಿತ್ತು. ಭುಜ ಕುಲುಕಿಸಿ ಕುಣಿಯುವ ‘ಶಿಮ್ಮಿ’ ಎಂಬ ನೃತ್ಯ ಆ ವರ್ಷಗಳಲ್ಲಿ ಅಮೆರಿಕದ ರಂಗಮಂದಿರಗಳಲ್ಲಿ ಪ್ರಸಿದ್ಧವಾಗಿತ್ತು. ಜನ ಗಾಲಿಯ ಕುಣಿತಕ್ಕೂ ಅದೇ ಹೆಸರಿಟ್ಟರು. ನಾಟ್ಯಗೃಹದ ಆ ಪದ ಇಂದು ಯಂತ್ರಶಾಸ್ತ್ರದ ಗ್ರಂಥಗಳಲ್ಲಿ ಗಂಭೀರವಾಗಿ ಕುಳಿತಿದೆ.

ಈ ಕುಣಿತದ ಗುಟ್ಟನ್ನು ಬಿಡಿಸಲು ಹೊರಟವರಲ್ಲಿ ಫ್ರಾನ್ಸಿನ ಬ್ರೂಲಿಯೆ ಎಂಬ ಎಂಜಿನಿಯರ್ ಮುಖ್ಯನು. 1925ರಲ್ಲಿ ಅವನು ಮಂಡಿಸಿದ ಪ್ರಬಂಧದಲ್ಲಿ ಟೈರಿನ ಒಂದು ವಿಚಿತ್ರ ಸ್ವಭಾವವನ್ನು ತೋರಿಸಿಕೊಟ್ಟ. ಗಾಳಿ ತುಂಬಿದ ಟೈರು ಪಕ್ಕದ ಒತ್ತಡಕ್ಕೆ ಸಿಕ್ಕಾಗ, ತಾನು ಮುಖಮಾಡಿದ ದಿಕ್ಕಿನಲ್ಲೇ ಉರುಳದೆ ಕೊಂಚ ಓರೆಯಾಗಿ ಉರುಳುತ್ತದೆ. ಟೈರು ಮೆತ್ತಗಾದಷ್ಟೂ ಈ ಓರೆ ಹೆಚ್ಚು. ಇದಕ್ಕೆ ಬುಗುರಿಯ ಗುಣವೂ ಸೇರಿಕೊಂಡಿತು. ವೇಗವಾಗಿ ತಿರುಗುವ ಬುಗುರಿಯನ್ನು ಒಂದು ಕಡೆ ವಾಲಿಸಲು ಹೋದರೆ ಅದು ಇನ್ನೊಂದು ಕಡೆಗೆ ಹೊರಳುತ್ತದೆಯಷ್ಟೆ? ಮುಂದಿನ ಎರಡು ಗಾಲಿಗಳೂ ಒಂದೇ ಗಟ್ಟಿ ಅಚ್ಚಿನ ಮೇಲಿದ್ದಾಗ, ಒಂದು ಗಾಲಿ ಉಬ್ಬನ್ನು ಹತ್ತಿದರೆ ಇಡೀ ಅಚ್ಚೇ ವಾಲುತ್ತದೆ. ವಾಲಿದೊಡನೆ, ತಿರುಗುತ್ತಿರುವ ಎರಡು ಗಾಲಿಗಳೂ ಬುಗುರಿಯಂತೆ ಪಕ್ಕಕ್ಕೆ ಹೊರಳಲು ಹವಣಿಸುತ್ತವೆ. ಹೊರಳಿದ ಗಾಲಿ ಮತ್ತೆ ಅಚ್ಚನ್ನು ವಾಲಿಸುತ್ತದೆ. ಹೀಗೆ ಒಂದು ಇನ್ನೊಂದಕ್ಕೆ ಕುಮ್ಮಕ್ಕು ಕೊಡುತ್ತ ನಡುಕ ಬೆಳೆಯುತ್ತದೆ.

ಇಲ್ಲಿ ಎರಡು ಬಗೆಯ ಕಂಪನಗಳನ್ನು ಬೇರ್ಪಡಿಸಿ ತಿಳಿಯಬೇಕು; ರೋಗನಿದಾನವೆಲ್ಲ ನಿಂತಿರುವುದು ಈ ಭೇದದ ಮೇಲೆಯೇ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತ ಹೋದರೆ ಅದು ಎತ್ತರಕ್ಕೆ ಜೀಕುತ್ತದೆ. ತಳ್ಳುವ ಲಯ ತಪ್ಪಿದರೆ ತಗ್ಗುತ್ತದೆ. ಗಾಲಿಯ ತೂಕ ಒಂದು ಕಡೆಗೆ ಹೆಚ್ಚಾಗಿದ್ದರೆ, ಅಥವಾ ಟೈರು ದುಂಡಗಿಲ್ಲದಿದ್ದರೆ, ಪ್ರತಿ ಸುತ್ತಿಗೂ ಒಂದು ತಳ್ಳು ಬೀಳುತ್ತದೆ. ಇಂಥ ನಡುಕ ನಿರ್ದಿಷ್ಟ ವೇಗದಲ್ಲಿ ಮೆಲ್ಲನೆ ಹುಟ್ಟಿ, ವೇಗ ಇನ್ನಷ್ಟು ಏರಿದಾಗ ತಾನಾಗಿಯೇ ಅಡಗುವುದುಂಟು. ಪಿಟೀಲಿನ ತಂತಿಯ ಮಾತು ಬೇರೆ. ಕಮಾನು ಒಂದೇ ದಿಕ್ಕಿನಲ್ಲಿ, ಒಂದೇ ಸಮನೆ ಸಾಗುತ್ತಿದ್ದರೂ ತಂತಿ ಅತ್ತಿತ್ತ ಮಿಡಿಯುತ್ತದೆ. ತನ್ನ ಲಯವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಶಿಮ್ಮಿ ಈ ಎರಡನೆಯ ಜಾತಿಗೆ ಸೇರಿದ್ದು. ಬಂಡಿಯ ಮುನ್ನಡೆಯೇ ಅದಕ್ಕೆ ಕಮಾನು. ಆದ್ದರಿಂದಲೇ ಅದು ಯಾವುದೋ ಒಂದು ಗುಂಡಿಯಿಂದ ಥಟ್ಟನೆ ಎದ್ದು, ಬಂಡಿಯ ವೇಗ ತಗ್ಗುವವರೆಗೂ ಬಿಡುವುದಿಲ್ಲ.

ಈ ರೋಗಕ್ಕೆ ಮೂಲಚಿಕಿತ್ಸೆ ದೊರೆತದ್ದು ಅಚ್ಚನ್ನೇ ತೆಗೆದುಹಾಕಿದಾಗ. ರೋಲ್ಸ್-ರಾಯ್ಸ್ ಕಂಪನಿಯಿಂದ 1930ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್‌ಗೆ ಬಂದ ಮಾರಿಸ್ ಆಲಿ ಎಂಬ ಎಂಜಿನಿಯರ್, ಪ್ರಯಾಣದ ಸುಖಕ್ಕಾಗಿ ಮುಂದಿನ ಸ್ಪ್ರಿಂಗುಗಳನ್ನು ಮೆತ್ತಗೆ ಮಾಡಿ ನೋಡಿದ. ಸುಖ ಬಂತು, ಜೊತೆಗೆ ಶಿಮ್ಮಿಯೂ ಬಂತು. ಗಟ್ಟಿ ಅಚ್ಚು ಇರುವವರೆಗೆ ಎರಡೂ ಬಿಡದ ಜೋಡಿ ಎಂಬುದು ಅವನಿಗೆ ಮನವರಿಕೆಯಾಯಿತು. ಕೊನೆಗೆ ಎಡಗಾಲಿಗೂ ಬಲಗಾಲಿಗೂ ಸಂಬಂಧವಿಲ್ಲದಂತೆ ಬೇರೆ ಬೇರೆ ತೋಳುಗಳ ಮೇಲೆ ಕೂರಿಸಿದ ಮಾದರಿಗಳನ್ನು ಜನರಲ್ ಮೋಟಾರ್ಸ್ ಸಂಸ್ಥೆ 1934ರಲ್ಲಿ ಮಾರುಕಟ್ಟೆಗೆ ತಂದಿತು. ಕಾರುಗಳ ಮಟ್ಟಿಗೆ ಶಿಮ್ಮಿಯ ಹಾವಳಿ ಅಲ್ಲಿಂದ ಇಳಿಮುಖವಾಯಿತು. ವಿಮಾನಗಳ ಮೂಗಿನ ಗಾಲಿಗೆ ಅದು ಅಂಟಿಕೊಂಡಾಗ, ಸೋವಿಯತ್ ಗಣಿತಜ್ಞ ಮ್‌ಸ್ತಿಸ್ಲಾವ್ ಕೆಲ್ದಿಶ್ 1945ರಲ್ಲಿ ಅದರ ಸಿದ್ಧಾಂತವನ್ನು ಬರೆದು ತನ್ನ ದೇಶದ ಸ್ತಾಲಿನ್ ಪಾರಿತೋಷಕವನ್ನು ಪಡೆದ. ಗಾಲಿಯ ನಡುಕ ಎಂಥೆಂಥ ಮೇಧಾವಿಗಳನ್ನು ದುಡಿಸಿಕೊಂಡಿತೆಂಬುದಕ್ಕೆ ಇದು ಸಾಕ್ಷಿ.

ಆದರೆ ಕಾರುಗಳು ತೊರೆದ ಗಟ್ಟಿ ಅಚ್ಚನ್ನು ಒಂದು ವಾಹನ ಬಿಡಲಿಲ್ಲ. 1940ರಲ್ಲಿ ಅಮೆರಿಕದ ಸೈನ್ಯ ಕೇಳಿ ಮಾಡಿಸಿಕೊಂಡ ಪುಟ್ಟ ಯುದ್ಧವಾಹನ ಅದು: ಜೀಪು. ಕಲ್ಲುಗುಂಡುಗಳ ನಡುವೆ ಬಲವೇ ಮುಖ್ಯವಾದ ಕಡೆ ಗಟ್ಟಿ ಅಚ್ಚಿಗೆ ಸಮನಾದದ್ದು ಆಗ ಬೇರೊಂದಿರಲಿಲ್ಲ. ಒಂದು ಗಾಲಿ ಮೇಲೆದ್ದರೆ ಇನ್ನೊಂದು ತಾನಾಗಿಯೇ ನೆಲಕ್ಕೆ ಒತ್ತುತ್ತದೆ. ಕೆಟ್ಟರೆ ಹಳ್ಳಿಯ ಕಮ್ಮಾರನೂ ರಿಪೇರಿ ಮಾಡಿಯಾನು. ಯುದ್ಧ ಮುಗಿದ ಮೇಲೆ ಜೀಪು ಹೊಲಗದ್ದೆಗಳಿಗೆ ಇಳಿಯಿತು. ಮಹೀಂದ್ರಾ ಸಂಸ್ಥೆ ಅದನ್ನು ಭಾರತದಲ್ಲಿ ಜೋಡಿಸತೊಡಗಿದ ಮೇಲೆ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ, ಮಳೆಗಾಲದ ಕೆಸರಿನಲ್ಲಿ, ಅದು ಮನೆಯ ಒಬ್ಬ ಆಳಿನಂತೆ ದುಡಿದದ್ದನ್ನು ನಮ್ಮವರು ಬಲ್ಲರು.

ಹಳೆಯ ಜೀಪಿನ ಅಚ್ಚನ್ನು ಹಿಡಿದಿದ್ದದ್ದು ಪಟ್ಟಿ ಸ್ಪ್ರಿಂಗುಗಳು, ಗ್ಯಾರೇಜಿನ ಭಾಷೆಯಲ್ಲಿ ಪ್ಲೇಟುಗಳು. ಅವು ಭಾರವನ್ನೂ ಹೊರುತ್ತಿದ್ದವು, ಅಚ್ಚು ಹಿಂದುಮುಂದಾಗದಂತೆ, ಅತ್ತಿತ್ತ ಸರಿಯದಂತೆಯೂ ಕಾಯುತ್ತಿದ್ದವು. ಮುಂದೆ ಸುಖಕ್ಕಾಗಿ ಸುರುಳಿ ಸ್ಪ್ರಿಂಗು ಬಂತು: ಬ್ರಿಟನ್ನಿನ ರೇಂಜ್ ರೋವರ್‌ಗೆ 1970ರಲ್ಲಿ, ಅಮೆರಿಕದ ಜೀಪ್ ಚೆರೋಕಿಗೆ 1984ರ ಮಾದರಿಯಲ್ಲಿ. ಸುರುಳಿ ಭಾರವನ್ನು ಹೊರಬಲ್ಲುದೇ ಹೊರತು ಅಚ್ಚಿಗೆ ದಾರಿ ತೋರಲಾರದು. ಆದ್ದರಿಂದ ಅಚ್ಚನ್ನು ಹಿಂದಿನಿಂದ ಹಿಡಿಯಲು ಉದ್ದನೆಯ ತೋಳುಗಳೂ, ಪಕ್ಕಕ್ಕೆ ಸರಿಯದಂತೆ ಚಾಸಿಗೂ ಅಚ್ಚಿಗೂ ನಡುವೆ ‘ಟ್ರ್ಯಾಕ್ ಬಾರ್’ ಎಂಬ ಅಡ್ಡ ಸಲಾಕೆಯೂ ಬಂದವು. ಒಬ್ಬನೇ ಮಾಡುತ್ತಿದ್ದ ಕೆಲಸವನ್ನು ಹಲವರಿಗೆ ಹಂಚಿದಂತಾಯಿತು. ಹಲವರಿಗೆ ಹಂಚಿದ ಕೆಲಸದಲ್ಲಿ ಪರಸ್ಪರ ಹೊಂದಾಣಿಕೆಯೇ ಪ್ರಾಣ.

ಈಗ ಇಂಥ ವಾಹನವನ್ನು ಮೂರು ನಾಲ್ಕು ಅಂಗುಲ ಎತ್ತರಿಸಿದರೆ ಏನಾಗುತ್ತದೆ, ನೋಡೋಣ. ಉದ್ದನೆಯ ಸುರುಳಿ ಹಾಕಿದರೆ ಒಡಲು ಮೇಲೇರುತ್ತದೆ, ಅಚ್ಚು ಕೆಳಗೇ ಉಳಿಯುತ್ತದೆ. ಅಚ್ಚನ್ನು ಹಿಡಿದ ತೋಳುಗಳು ಕೆಳಮುಖವಾಗಿ ಇಳಿಬೀಳುತ್ತವೆ; ಆ ಚಲನೆಯಲ್ಲಿ ಅಚ್ಚು ತನ್ನ ಸುತ್ತ ತುಸು ಉರುಳಿ, ಕೀಲಿನ ಹಿಂದಿನ ವಾಲಿಕೆ ಕಡಿಮೆಯಾಗುತ್ತದೆ. ಆ ಚೆರೋಕಿಯಂಥ ವಾಹನದಲ್ಲಿ ಏಳು ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ಕ್ಯಾಸ್ಟರ್ ನಾಲ್ಕೈದಕ್ಕೆ ಇಳಿದರೆ ಬಂಡಿ ರಸ್ತೆಯಲ್ಲಿ ಗುರಿಯಿಲ್ಲದೆ ಅಲೆದಾಡುತ್ತದೆ. ಹಾಗೆಂದು ವಾಲಿಕೆಯನ್ನು ಅತಿಯಾಗಿ ಹೆಚ್ಚಿಸುವುದೂ ತರವಲ್ಲ. ಅತಿ ವಾಲಿಕೆ ಶಿಮ್ಮಿಗೆ ಒತ್ತಾಸೆಯಾಗಬಲ್ಲುದು. ಅಡ್ಡ ಸಲಾಕೆಯ ಒಂದು ತುದಿ ಚಾಸಿಯೊಡನೆ ಮೇಲೇರುವುದರಿಂದ ಸಲಾಕೆ ಓರೆಯಾಗಿ, ಅಚ್ಚನ್ನು ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಸ್ಟೇರಿಂಗ್ ಪೆಟ್ಟಿಗೆಯಿಂದ ಗಾಲಿಗೆ ಹೋಗುವ ‘ಡ್ರ್ಯಾಗ್ ಲಿಂಕ್’ ಕೂಡ ಹಾಗೆಯೇ ಓರೆಯಾಗುತ್ತದೆ. ಬಂಡಿ ನೇರ ಹೋಗುತ್ತಿದ್ದರೂ ಚಾಲಕನ ಕೈಯಲ್ಲಿನ ಚಕ್ರ ಸೊಟ್ಟಗೆ ನಿಲ್ಲುತ್ತದೆ. ಕೆಲವು ರಚನೆಗಳಲ್ಲಿ ಟೋ ಕೂಡ ಕೆಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಅಡ್ಡ ಸಲಾಕೆ ಮತ್ತು ಡ್ರ್ಯಾಗ್ ಲಿಂಕ್ ಇವೆರಡೂ ಒಂದಕ್ಕೊಂದು ಸಮಾನಾಂತರವಾಗಿ, ಹೆಚ್ಚುಕಡಿಮೆ ಒಂದೇ ಉದ್ದವಾಗಿ ಇರಬೇಕು. ಆಗ ಅಚ್ಚು ಏರಿ ಇಳಿಯುವಾಗ ಎರಡೂ ಒಂದೇ ಬಿಲ್ಲಿನಾಕಾರದಲ್ಲಿ ಚಲಿಸುತ್ತವೆ. ಗಾಲಿಗೆ ಸುಳ್ಳು ಆಜ್ಞೆ ಹೋಗುವುದಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಸರಿಪಡಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ, ಚಾಲಕ ಸ್ಟೇರಿಂಗ್ ಅಲುಗಿಸದಿದ್ದರೂ ಪ್ರತಿ ಉಬ್ಬಿಗೂ ಗಾಲಿ ತನ್ನಷ್ಟಕ್ಕೆ ತಿರುಗುತ್ತದೆ. ಇದರ ಮೇಲೆ ದೊಡ್ಡ, ಭಾರವಾದ ಟೈರು ಬರುತ್ತದೆ. ಸಣ್ಣ ಟೈರಿಗೆಂದು ಮಾಡಿದ ಕೀಲುಗಳು, ಬುಷ್ಷುಗಳು ಬೇಗನೆ ಸವೆಯುತ್ತವೆ. ಸವೆದ ಕಡೆ ಸಡಿಲು. ಸಡಿಲಿದ್ದ ಕಡೆ ನಡುಕಕ್ಕೆ ನೆಲೆ. ಗಂಟೆಗೆ ಎಪ್ಪತ್ತು, ಎಂಬತ್ತು ಕಿಲೋಮೀಟರು ವೇಗದಲ್ಲಿ ಒಂದು ಸಣ್ಣ ಗುಂಡಿ ಸಿಕ್ಕಿದರೂ ಸಾಕು, ಇಡೀ ಮುಂಭಾಗವೇ ಕಿತ್ತುಹೋಗುವಂತೆ ಅದುರುತ್ತದೆ. ಅಮೆರಿಕದ ಜೀಪುಪ್ರಿಯರು ಇದನ್ನು ‘ಡೆತ್ ವಾಬಲ್’ ಎನ್ನುತ್ತಾರೆ. ಮೃತ್ಯುಕಂಪನವೆಂಬ ಹೆಸರು ಅತಿಶಯೋಕ್ತಿಯೆಂದು ಅದನ್ನು ಅನುಭವಿಸಿದ ಯಾರೂ ಹೇಳುವುದಿಲ್ಲ.

ನಿದಾನದ ಕ್ರಮವನ್ನು ಈ ಚರಿತ್ರೆಯೇ ಹೇಳಿಕೊಡುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ: ಇದು ಉಯ್ಯಾಲೆಯೋ, ಪಿಟೀಲೋ? ಒಂದು ವೇಗದಲ್ಲಿ ಬಂದು ಇನ್ನೊಂದು ವೇಗದಲ್ಲಿ ಹೋಗುವ ಮೆಲುನಡುಕವಾದರೆ ಟೈರಿನ ಗಾಳಿ, ದುಂಡಗೆ, ತೂಕದ ಸಮತೋಲ ಇವುಗಳನ್ನು ಪರೀಕ್ಷಿಸಬೇಕು. ಗುಂಡಿಯಿಂದ ಎದ್ದು, ನಿಲ್ಲಿಸುವವರೆಗೂ ಬಿಡದ ಅದುರಾದರೆ ಸಡಿಲನ್ನು ಹುಡುಕಬೇಕು. ಇದಕ್ಕೆ ದುಬಾರಿ ಯಂತ್ರವೇನೂ ಬೇಡ. ಬಂಡಿ ನೆಲದ ಮೇಲೆ ನಿಂತಿರುವಾಗಲೇ ಒಬ್ಬರು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಿರಬೇಕು. ಇನ್ನೊಬ್ಬರು ಪ್ರತಿ ಕೀಲಿನ ಮೇಲೆ, ಅದರಲ್ಲೂ ಟ್ರ್ಯಾಕ್ ಬಾರಿನ ಎರಡು ತುದಿಗಳ ಮೇಲೆ, ಬೆರಳಿಟ್ಟು ನೋಡಬೇಕು. ಬೋಲ್ಟು ತನ್ನ ತೂತಿನಲ್ಲಿ ಒಂದು ಮಿಲಿಮೀಟರ್ ಸರಿದರೂ ಬೆರಳಿಗೆ ತಿಳಿಯುತ್ತದೆ. ಆಮೇಲೆ ಜಾಕ್ ಕೊಟ್ಟು ಗಾಲಿಯನ್ನೆತ್ತಿ, ಬಂಡಿಯನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್, ಬೇರಿಂಗ್‌ಗಳ ಸವೆತ ಗೊತ್ತಾಗುತ್ತದೆ; ಎಡಬಲಕ್ಕೆ ಹಿಡಿದು ಅಲುಗಿಸಿದರೆ ಟೈ ರಾಡಿನ ತುದಿಗಳ ಸವೆತ. ಸಡಿಲುಗಳೆಲ್ಲ ತೀರಿದ ಮೇಲೆಯೇ ಅಲೈನ್‌ಮೆಂಟ್: ವಾಲಿಕೆಯನ್ನು ಸರಿಪಡಿಸಿ, ಅಚ್ಚನ್ನು ನಡುವಿಗೆ ತಂದು, ಕೊನೆಯಲ್ಲಿ ಟೋ. ಟೈರುಗಳ ಮುಂಭಾಗದ ಅಂತರ ಹಿಂಭಾಗದ್ದಕ್ಕಿಂತ ಒಂದೂವರೆಯಿಂದ ಮೂರು ಮಿಲಿಮೀಟರಿನಷ್ಟು ಕಡಿಮೆಯಿದ್ದರೆ ಇಂಥ ಬಂಡಿಗಳಿಗೆ ಸಾಮಾನ್ಯವಾಗಿ ಸಾಕು. ಸಡಿಲಾದ ಕೀಲುಗಳನ್ನು ಹಾಗೆಯೇ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸುವುದು ಶ್ರುತಿಯ ಬಿರಡೆ ನಿಲ್ಲದ ತಂಬೂರಿಯನ್ನು ಮೇಳೈಸಿದಂತೆ.

ಇಷ್ಟು ಶ್ರಮಕ್ಕೆ ಮನಸ್ಸಿಲ್ಲದವರು ಹಿಡಿಯುವ ಸುಲಭದ ದಾರಿಯೊಂದಿದೆ: ಸ್ಟೇರಿಂಗ್‌ಗೆ ಗಟ್ಟಿಯಾದ ಡ್ಯಾಂಪರ್, ಕೆಲವೊಮ್ಮೆ ಎರಡು ಡ್ಯಾಂಪರ್, ಜೋಡಿಸುವುದು. ಅದು ನಡುಕವನ್ನು ನುಂಗುತ್ತದೆ, ನಿಜ. ಸರಿಯಿದ್ದ ಬಂಡಿಗೆ ಅದು ಒಳ್ಳೆಯ ಸಹಾಯಕ. ಆದರೆ ಅದರ ಮರೆಯಲ್ಲಿ ಬೋಲ್ಟಿನ ತೂತು ದಿನದಿನಕ್ಕೂ ಅಗಲವಾಗುತ್ತ ಹೋಗುತ್ತದೆ, ಕೀಲು ಸವೆಯುತ್ತ ಹೋಗುತ್ತದೆ. ಡ್ಯಾಂಪರ್ ಸೋತ ದಿನ ಎದುರಾಗುವ ಅದುರು ಮೊದಲಿನದಕ್ಕಿಂತ ಭಯಂಕರ. ಜ್ವರವನ್ನು ಮಾತ್ರ ಇಳಿಸಿ ರೋಗವನ್ನು ಬೆಳೆಯಗೊಡುವ ವೈದ್ಯವನ್ನು ನಮ್ಮ ಹಿರಿಯರು ಎಂದೂ ಮೆಚ್ಚಲಿಲ್ಲ.

ಈ ಜೀಪಿನಲ್ಲಿ ಕುಳಿತವರು ಮಾತ್ರವಲ್ಲ, ಎದುರಿನಿಂದ ಬರುವವರ, ರಸ್ತೆಯ ಬದಿಯಲ್ಲಿ ನಡೆಯುವವರ ಜೀವವೂ ಆ ಬೋಲ್ಟಿಗೆ ಕಟ್ಟುಬಿದ್ದಿದೆ. ನಮ್ಮ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸದಂತೆ ತಡೆಯುವುದೂ, ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಅದನ್ನು ಎತ್ತಿಹಿಡಿದದ್ದೂ ಈ ಹಿನ್ನೆಲೆಯಲ್ಲಿ ಅರ್ಥವಾಗುವಂಥವು. ಎಲ್ಲಿ ಅನುಮತಿಯಿದೆಯೋ ಅಲ್ಲಿ ಎತ್ತರಿಸುವವರು ಎತ್ತರಿಸಲಿ. ಆದರೆ ಏರಿದ್ದು ಒಡಲು ಮಾತ್ರವಲ್ಲ, ಅದರೊಡನೆ ಪ್ರತಿಯೊಂದು ಕೋನವೂ ಕದಲಿತೆಂಬುದು ನೆನಪಿರಲಿ. ದಾರಿಯಲ್ಲಿ ನಡುಕ ಹಿಡಿದರೆ ಗಾಬರಿಯಿಂದ ಸ್ಟೇರಿಂಗನ್ನು ಅತ್ತಿತ್ತ ಎಳೆಯದೆ ಭದ್ರವಾಗಿ ಹಿಡಿದು, ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು, ಹದವಾಗಿ ವೇಗ ತಗ್ಗಿಸಿ, ಬದಿಗೆ ನಿಲ್ಲಿಸಬೇಕು.

1923ರಲ್ಲಿ ಮೆತ್ತನೆಯ ಟೈರು ತೊಡಿಸಿದವರು ತಾವು ಬದಲಿಸಿದ್ದು ಟೈರನ್ನು ಮಾತ್ರವೆಂದೇ ತಿಳಿದಿದ್ದರು. ಅವರು ಬದಲಿಸಿದ್ದು ಅಚ್ಚು, ಕೀಲು, ಗಾಲಿಗಳು ಬಹುಕಾಲದಿಂದ ತಮ್ಮ ತಮ್ಮೊಳಗೆ ಮಾಡಿಕೊಂಡಿದ್ದ ಒಂದು ಒಪ್ಪಂದವನ್ನು. ಆ ಒಪ್ಪಂದವನ್ನು ಮತ್ತೆ ಬರೆಯಲು ಅವರಿಗೆ ಹತ್ತು ವರ್ಷಗಳೇ ಹಿಡಿದವು. ಇಂದು ಗ್ಯಾರೇಜಿನಲ್ಲಿ ಜೀಪನ್ನು ಎತ್ತರಿಸುವವನಿಗೆ ಅಷ್ಟು ಕಾಲ ಬೇಕಿಲ್ಲ. ಒಂದು ಅಳತೆಯ ಟೇಪು, ಒಂದು ಜಾಕು, ಸ್ಟೇರಿಂಗ್ ಅಲುಗಿಸಲು ಒಬ್ಬ ಗೆಳೆಯ, ಮತ್ತು ಬೆರಳಿಟ್ಟು ನೋಡುವ ಒಂದು ಮಧ್ಯಾಹ್ನದ ತಾಳ್ಮೆ ಇದ್ದರೆ ಸಾಕು.